ಅತ್ತೆಯ ಇಂಟರ್‌ವ್ಯೂ ಮತ್ತು ಏಳಲೊಲ್ಲದ ಕಂಪ್ಯೂಟರ್

ನಮ್ಮ ಅತ್ತೆಯ ಜೀವಮಾನದ ಮೊದಲ ಇಂಟರ್‌ವ್ಯೂ ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಮುಲುಂಡ್‌ನ ನಮ್ಮ ಬೆಡ್‌ರೂಮಿನಲ್ಲಿ ನಡೆಯಬೇಕಿತ್ತು. ನಡೆಯಲಿಲ್ಲ.

ಅತ್ತೆ ರೆಡಿ ಇದ್ದರು. ಇಳಕಲ್ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು, ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. ರೆಡಿ ಇಲ್ಲದ್ದು ಕಂಪ್ಯೂಟರ್. ಅರ್ಧ ಗಂಟೆ ಮೊದಲೇ ಬಟನ್ ಒತ್ತಿದ್ದೆವು. ಪರದೆಯ ಮೇಲೆ ಬಿಳಿ ಚುಕ್ಕಿಗಳ ಉಂಗುರ ಸುತ್ತಲು ಶುರುಮಾಡಿತು. ಸುತ್ತಿತು. ಸುತ್ತುತ್ತಲೇ ಇತ್ತು. ಕೊನೆಗೆ ಪುಣ್ಯಾತ್ಮ ಕಣ್ಣು ಬಿಟ್ಟಾಗ ಹತ್ತು ದಾಟಿತ್ತು. ಇಂಟರ್‌ವ್ಯೂ ಮಾಡಬೇಕಿದ್ದ ಮೇಡಂ ಕಾದು ಕಾದು ಬೇರೆಯವರನ್ನು ಒಳಗೆ ಕರೆದಿದ್ದರು.

‘ಹೋಗ್ಲಿ ಬಿಡವಾ. ನನ್ನ ಹಣೇಬರಾನೇ ಹಿಂಗ’ ಎಂದು ಅತ್ತೆ ಎದ್ದರು. ಸೀರೆ ಬದಲಿಸಿದರು. ಅಡುಗೆಮನೆಗೆ ಹೋಗಿ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತರು. 

ಅರವತ್ನಾಲ್ಕನೇ ವಯಸ್ಸಿಗೆ ಎಂಥ ಇಂಟರ್‌ವ್ಯೂ ಅಂತೀರಾ? ಹೇಳುತ್ತೇನೆ. ಸಯನ್‌ನ ಆ ಮೇಡಂ ಮತ್ತು ಅವರ ಗೆಳತಿಯರು ಮುಂಬೈ ಕನ್ನಡಿಗರ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಕ್ಲಾಸ್ ನಡೆಸುತ್ತಾರೆ. ಗೊತ್ತಲ್ಲ ನಮ್ಮ ಮಕ್ಕಳ ಕಥೆ? ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಕ್ಕಳು ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. (ನಮ್ಮ ಮಗಳು ಅನಘಾ ಅದನ್ನೂ ತಲೆ ಎತ್ತದೆ ಕೊಡುತ್ತಾಳೆ.) ಅವರಿಗೊಬ್ಬ ಟೀಚರ್ ಬೇಕಿತ್ತು. ಅತ್ತೆ ಧಾರವಾಡದಲ್ಲಿ ಕನ್ನಡ ಓದಿ ಬಿ.ಎ. ಮುಗಿಸಿದವರು. ಟೀಚರ್ ಆಗಬೇಕೆಂದು ಆಸೆ ಇತ್ತಂತೆ. ರಿಸಲ್ಟ್ ಬಂದ ಹಿಂದೆಯೇ ಮದುವೆಯಾಗಿ ಮುಂಬೈಗೆ ಬಂದರು. ಮೊದಲು ಮಾವನ ಲೋಕಲ್ ಟ್ರೇನ್ ತಪ್ಪಬಾರದು, ಆಮೇಲೆ ಮಗನ ಸ್ಕೂಲ್ ತಪ್ಪಬಾರದು, ಆಮೇಲೆ ಮೊಮ್ಮಗಳ ಸ್ಕೂಲ್ ಬಸ್ ತಪ್ಪಬಾರದು. ಇಷ್ಟರಲ್ಲಿ ತಪ್ಪಿದ್ದು ಅವರ ನೌಕರಿ ಒಂದೇ.

ಮೊಬೈಲ್‌ನಲ್ಲಿ ಮಾಡಬಾರದಿತ್ತಾ ಅಂತ ನೀವು ಕೇಳಬಹುದು. ಆಗುವುದಿಲ್ಲ. ಪರದೆಯ ಮೇಲೆ ಅಕ್ಷರ ಬರೆದು ತೋರಿಸಬೇಕು, ಒಂದು ಮಗುವಿಗೆ ಅಲ್ಲೇ ಪಾಠ ಮಾಡಿ ತೋರಿಸಬೇಕು. ಕಂಪ್ಯೂಟರೇ ಬೇಕು ಎಂಬುದು ಅವರ ಶರತ್ತು. ಗಂಡನ ಲ್ಯಾಪ್‌ಟಾಪ್ ಇದೆ, ಆದರೆ ಅದು ಆಫೀಸಿನದು. ಅದರಲ್ಲಿ ಆಫೀಸಿನ ಕೆಲಸ ಬಿಟ್ಟು ಬೇರೇನೂ ತೆರೆಯುವುದಿಲ್ಲ.

ಮೇಡಂ ಒಳ್ಳೆಯವರು. ಸಂಜೆ ತಾವೇ ಫೋನ್ ಮಾಡಿದರು. ‘ಬರುವ ಭಾನುವಾರ ಇನ್ನೊಮ್ಮೆ ನೋಡುವ ಅಮ್ಮ. ಆದರೆ ಅದೇ ಕೊನೆ, ಹೊಸ ಬ್ಯಾಚ್ ಶುರುವಾಗ್ತದೆ’ ಎಂದರು.

ಒಂದು ವಾರ. ಕಂಪ್ಯೂಟರ್ ರಿಪೇರಿಯಾಗಬೇಕು. ಯಾರು ಮಾಡುವುದು?

ಗಂಡ ಪ್ರಸನ್ನ ಸೋಮವಾರ ಸಂಜೆಯೇ ಅಂಗಿ ತೋಳು ಮಡಚಿಕೊಂಡು ಕೂತರು. ಸಿಪಿಯು ಡಬ್ಬಿ ಬಿಚ್ಚಿದರು. ಒಳಗಿನ ಧೂಳು ನೋಡಿ ನಾವೆಲ್ಲ ಮೂಗು ಮುಚ್ಚಿಕೊಂಡೆವು. ಹಳೆಯ ಪೇಂಟ್ ಬ್ರಶ್ಶಿನಿಂದ ಗುಡಿಸಿ, ಊದಿ, ಒರೆಸಿ, ಮತ್ತೆ ಮುಚ್ಚಿದರು. ಒಂದು ಸ್ಕ್ರೂ ಕೈಯಲ್ಲೇ ಉಳಿಯಿತು. ‘ಅದು ಎಕ್ಸ್‌ಟ್ರಾ’ ಎಂದರು. ಬಟನ್ ಒತ್ತಿದರೆ? ಅದೇ ಉಂಗುರ, ಅದೇ ಸುತ್ತು.

ಮರುದಿನ ಮೂರನೇ ಮಹಡಿಯ ಜೋಶಿ ಕಾಕಾ ಬಂದರು. ಮಾನಿಟರನ್ನು ದೂರದಿಂದಲೇ ನೋಡಿ ‘ಫಾರ್ಮ್ಯಾಟ್ ಮಾರಾ’ ಎಂದರು. ನಮ್ಮ ಬಿಲ್ಡಿಂಗಿನಲ್ಲಿ ಕಂಪ್ಯೂಟರ್‌ಗೆ ನೆಗಡಿಯಾದರೂ ಮದ್ದು ಅದೊಂದೇ. ಎಲ್ಲ ಅಳಿಸಿ ಹೊಸದಾಗಿ ಶುರುಮಾಡುವುದು. ಆದರೆ ಅದರೊಳಗೆ ನಮ್ಮ ಮದುವೆಯ, ಅನಘಾಳ ನಾಮಕರಣದ, ಮಾವ ಇದ್ದಾಗಿನ ಫೋಟೋಗಳೆಲ್ಲ ಇವೆ.

‘ನನ್ನ ಸಲುವಾಗಿ ಅದೆಲ್ಲಾ ಅಳಸೋದು ಬ್ಯಾಡ’ ಎಂದರು ಅತ್ತೆ. ‘ಇಂಟರ್‌ವ್ಯೂ ಏನ್ ಮಹಾ. ಇಷ್ಟ ವರ್ಷ ನೌಕರಿ ಇಲ್ಲದ ಉಂಡಿಲ್ಲೇನು ನಾ?’

ಹಾಗೆ ಹೇಳಿದವರು ಮಧ್ಯಾಹ್ನ ಬಾಲ್ಕನಿಯಲ್ಲಿ ನಿಂತು, ಒಣಹಾಕಿದ ಬಟ್ಟೆಗಳಿಗೆ ‘ಅ ಆ ಇ ಈ’ ಹೇಳಿಕೊಡುತ್ತಿದ್ದರು. ನಾನು ಕಣ್ಣಾರೆ ನೋಡಿದೆ. ಆಗ ನನಗೆ ಸಿಟ್ಟು ಬಂತು. ಯಾರ ಮೇಲೆ? ಆ ದರಿದ್ರ ಉಂಗುರದ ಮೇಲೆ!

ಬುಧವಾರ ಆಫೀಸಿನಿಂದ ಬಂದವಳೇ ನಾನೇ ಕೂತೆ. ಆಫೀಸಿನಲ್ಲಿ ಐಟಿಯವರು ಬಂದಾಗ ಬೆನ್ನ ಹಿಂದೆ ನಿಂತು ಇಣುಕುವ ಚಾಳಿ ನನಗಿದೆ. ಅವರು ಟಾಸ್ಕ್ ಮ್ಯಾನೇಜರ್ ಅಂತ ಒಂದು ಕಿಟಕಿ ತೆರೆದು, ಅದರಲ್ಲಿ ಸ್ಟಾರ್ಟಪ್ ಎಂಬ ಕಡೆ ಏನೋ ಮಾಡುತ್ತಿದ್ದರು. ಕಂಪ್ಯೂಟರ್ ಏಳುವಾಗ ಅದರ ಜೊತೆ ತಾವೂ ಏಳುವ ಪ್ರೋಗ್ರಾಂಗಳ ಹೆಸರೆಲ್ಲ ಅಲ್ಲಿರುತ್ತದೆ. ನಮ್ಮದನ್ನು ತೆರೆದೆ.

ಅಯ್ಯೋ ದೇವರೇ! ಅಷ್ಟು ಜನ ಅದರೊಳಗೆ!

‘ಇದು ಎಂತದು ಮಾರಾಯ್ರೆ, ಶೇರು ಮಾರ್ಕೆಟಿದು?’

‘ನಂದು. ಇರ್ಲಿ’ ಎಂದರು ಪ್ರಸನ್ನ.

‘ನೀವು ಶೇರು ಬಿಟ್ಟು ಯಾವ ಕಾಲ ಆಯ್ತು?’

‘ಮುಂದ ಬೇಕಾಗಬಹುದು.’

ಅನಘಾಳ ಗೇಮ್‌ಗಳು ಒಂದೆರಡಲ್ಲ. ‘ಮಮ್ಮಾ ಪ್ಲೀಸ್, ವೋ ಮತ್ ನಿಕಾಲೋ’ ಎಂದು ಅವಳು ಒಂದನ್ನೂ ತೆಗೆಯಲು ಬಿಡದೆ ಕುರ್ಚಿ ಹಿಡಿದು ನಿಂತಳು. ಲಾಕ್‌ಡೌನ್ ಕಾಲದ ಮೀಟಿಂಗ್ ಪ್ರೋಗ್ರಾಂಗಳು ಇನ್ನೂ ಮೀಟಿಂಗ್ ಮುಗಿದಿಲ್ಲ ಎಂಬಂತೆ ಕೂತಿದ್ದವು. ಎರಡು ಆ್ಯಂಟಿವೈರಸ್ ಇದ್ದವು, ಒಂದನ್ನೊಂದು ಕಳ್ಳ ಅಂತ ಅನುಮಾನಿಸುತ್ತಾ. ಎಲ್ಲಕ್ಕಿಂತ ಪಾಪ ಅನಿಸಿದ್ದು ಪ್ರಿಂಟರಿನ ಪ್ರೋಗ್ರಾಂ. ಪ್ರಿಂಟರನ್ನು ನಾವು ಯಾವತ್ತೋ ಗುಜರಿ ಕೊಳ್ಳುವ ಭಂಗಾರ್‌ವಾಲಾನಿಗೆ ಕೊಟ್ಟಾಗಿದೆ. ಇದು ಮಾತ್ರ ದಿನಾ ಬೆಳಿಗ್ಗೆ ಎದ್ದು ಅದನ್ನು ಮನೆಯೆಲ್ಲಾ ಹುಡುಕುತ್ತಿದೆ!

‘ಮತ್ ಈ ಕನ್ನಡದವು ಮೂರು ಯಾರವು?’ ಎಂದು ಪ್ರಸನ್ನ ನಕ್ಕರು.

ಅವು ನನ್ನವು. ಈ ಅಂಕಣ ಟೈಪ್ ಮಾಡಲು ಒಂದೊಂದು ಕಾಲಕ್ಕೆ ಒಂದೊಂದು ಕನ್ನಡ ಕೀಬೋರ್ಡ್ ಹಾಕಿಕೊಂಡಿದ್ದೆ. ಹೊಸದು ಬಂದಾಗ ಹಳೆಯದನ್ನು ತೆಗೆಯಲು ಮನಸ್ಸು ಬಂದಿರಲಿಲ್ಲ. ಜೊತೆಗೆ ನೂರಾರು ಫಾಂಟು. ನೀವೂ ಕನ್ನಡದಲ್ಲಿ ಟೈಪ್ ಮಾಡುವವರಾದರೆ ಈಗ ಮೆಲ್ಲಗೆ ಕೆಳಗೆ ನೋಡುತ್ತಿರುತ್ತೀರಿ, ಅಲ್ಲವಾ?

ಬೆಳಿಗ್ಗೆ ಮುಲುಂಡ್ ಸ್ಟೇಷನ್ನಿನಲ್ಲಿ ಒಂದೇ ಬಾಗಿಲಿಗೆ ಎಲ್ಲರೂ ಜೋತುಬಿದ್ದ ಹಾಗೆ ಇವೆಲ್ಲ ಒಟ್ಟಿಗೆ ನುಗ್ಗಿದರೆ ಆ ಬಡಪಾಯಿ ಯಂತ್ರ ಏಳುವುದಾದರೂ ಹೇಗೆ? ಒಂದು ಕಾಲಕ್ಕೆ ಬೇಕೆಂದು ನಾವೇ ಕರೆದವರು. ಕೆಲಸ ಮುಗಿದ ಮೇಲೆ ಅವರು ಹೋಗಲಿಲ್ಲ, ಹೋಗಿ ಅಂತ ನಾವೂ ಹೇಳಲಿಲ್ಲ.

ಅಷ್ಟು ಹೊತ್ತು ಸುಮ್ಮನೆ ಹಿಂದೆ ನಿಂತಿದ್ದ ಅತ್ತೆ ಬಗ್ಗಿ ನೋಡಿದರು. ‘ಇದರಾಗ ನಂದು ಯಾವುದವಾ?’

ನಾನು ಮೇಲಿಂದ ಕೆಳಗಿನವರೆಗೂ ನೋಡಿದೆ. ಪ್ರಸನ್ನ ನೋಡಿದರು. ಅನಘಾ ಕೂಡ ನೋಡಿದಳು. ಅತ್ತೆಯದು ಒಂದೂ ಇರಲಿಲ್ಲ.

 ಅನಘಾ ಹಿಡಿದಿದ್ದ ಕುರ್ಚಿ ಬಿಟ್ಟಳು. ‘ಮಮ್ಮಾ, ಮೇರಾ ಸಬ್ ಬಂದ್ ಕರೋ’ ಎಂದು ತನ್ನದೆಲ್ಲ ನಿಲ್ಲಿಸಲು ಹೇಳಿದಳು. ಪ್ರಸನ್ನ ಶೇರು ಮಾರ್ಕೆಟಿನ ಕಡೆ ಕೈ ಬೀಸಿದರು. ನಾನು ಒಂದು ಕೀಬೋರ್ಡ್ ಇಟ್ಟುಕೊಂಡು ಉಳಿದವನ್ನು ನಿಲ್ಲಿಸಿದೆ. ಆ್ಯಂಟಿವೈರಸ್‌ಗಳಲ್ಲಿ ಒಂದನ್ನು ಪೂರ್ತಿ ತೆಗೆದೆ. ಮಿಕ್ಕಿದ್ದೇನನ್ನೂ ಅಳಿಸಲಿಲ್ಲ. ಬೇಕಾದಾಗ ಕರೆಯುತ್ತೇವೆ, ನೀವಾಗಿ ಏಳಬೇಡಿ ಅಂತ ಹೇಳಿದೆ, ಅಷ್ಟೆ.

‘ನಂದೂ ಒಂದು ಇರ್ಲಿ ಹಂಗಾರ’ ಎಂದರು ಅತ್ತೆ.

ಇರಲಿ! ಕಂಪ್ಯೂಟರ್ ಎದ್ದ ಕೂಡಲೇ ಬೇರೇನೂ ಬರುವ ಮೊದಲು ಕನ್ನಡ ಕ್ಲಾಸೇ ತಾನಾಗಿ ತೆರೆಯುವ ಹಾಗೆ ಅನಘಾ ಮಾಡಿಕೊಟ್ಟಳು. ಮತ್ತೆ ಆರಿಸಿ, ಬಟನ್ ಒತ್ತಿದೆವು. ಉಂಗುರ ಒಂದೆರಡು ಸುತ್ತು ಸುತ್ತಿದ್ದಷ್ಟೆ, ಪರದೆ ಬೆಳಗಿತು. ಅತ್ತೆ ಚಪ್ಪಾಳೆ ತಟ್ಟಿದರು.

ಇಲ್ಲಿಗೆ ಮುಗಿದಿದ್ದರೆ ಇದು ಕಂಪ್ಯೂಟರ್ ಅಂಕಣವಾಗುತ್ತಿತ್ತು. ಮುಗಿಯಲಿಲ್ಲ.

ಯಂತ್ರದ ಚಾಳಿ ಬದಲಾಯಿತು, ನಮ್ಮದು ಬದಲಾಗಬೇಡವೇ? ಬಟನ್ ಒತ್ತಿ ಬೇರೆ ಕೆಲಸಕ್ಕೆ ಹೋಗುವುದು ನಮ್ಮ ಮನೆಯವರಿಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಭಾನುವಾರ ಒಂಬತ್ತೂವರೆಗೆ ಅತ್ತೆ ಬಟನ್ ಒತ್ತಿ, ಇನ್ನೂ ಟೈಮಿದೆಯಲ್ಲ ಅಂತ ದೇವರಿಗೆ ದೀಪ ಹಚ್ಚಲು ಹೋದರು. ಅವರು ಹೊಸ್ತಿಲು ದಾಟುವಷ್ಟರಲ್ಲಿ ಕಂಪ್ಯೂಟರ್ ಎದ್ದಿತ್ತು. ಕ್ಲಾಸ್ ತೆರೆದಿತ್ತು. ಕ್ಯಾಮೆರಾ, ಮೈಕು ಎರಡೂ ಆನ್. ಮೇಡಂ ಕೂಡ ತಯಾರಿಗೆಂದು ಬೇಗನೇ ಬಂದು, ಒಂದು ಮಗುವಿನ ಜೊತೆ ಆ ಕಡೆ ಕೂತಿದ್ದರು. ನಮಗ್ಯಾರಿಗೂ ಇದು ಗೊತ್ತಿಲ್ಲ!

ಅಷ್ಟರಲ್ಲಿ ಪ್ರಸನ್ನ ಸ್ನಾನ ಮುಗಿಸಿ ಬನಿಯನ್ನಿನಲ್ಲೇ ಒಳಗೆ ಬಂದು, ಟವೆಲನ್ನು ಹಾಸಿಗೆಯ ಮೇಲೆ ಎಸೆದು, ಪೇಪರ್ ತರಲು ಹೋದರು. ಹಿಂದೆಯೇ ಅತ್ತೆ ಬಂದರು.

‘ಪ್ರಸನ್ನಾ! ಹಸೀ ಟಾವೆಲ್ ಹಾಸಿಗಿ ಮ್ಯಾಲೆ ಒಗದು ಹೋಗ್ಯಾನ ನೋಡು! ಎಷ್ಟ ಸರ್ತಿ ಹೇಳಬೇಕೋ ನಿನಗ? ನಲವತ್ತು ಮುಟ್ಲಿಕ್ಕೆ ಬಂದಿ, ಇನ್ನೂ ಬುದ್ಧಿ ಬರಲಿಲ್ಲಲ್ಲೋ!’

ಅಡುಗೆಮನೆಯಲ್ಲಿದ್ದ ನನಗೆ ಇದು ಹೊಸದಲ್ಲ. ಆದರೆ ಅದರ ಹಿಂದೆಯೇ ಒಂದು ಮಗುವಿನ ನಗು ಕೇಳಿಸಿತು. ನಮ್ಮ ಮನೆಯಲ್ಲಿ ಮಗು ಎಲ್ಲಿಂದ ಬಂತು? ಸೌಟು ಹಿಡಿದುಕೊಂಡೇ ಓಡಿದೆ.

ಪರದೆಯ ಮೇಲೆ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಪಕ್ಕದ ಚೌಕದಲ್ಲಿ ಘಾಟ್ಕೋಪರ್‌ನ ಇರಾ, ಎಂಟು ವರ್ಷದವಳು, ಹೊಟ್ಟೆ ಹಿಡಿದು ನಗುತ್ತಿದ್ದಳು. ಅತ್ತೆ ಟವೆಲ್ ಹಿಡಿದು ಕಲ್ಲಾಗಿದ್ದರು.  ಮುಗೀತು ಕಥೆ, ಎರಡನೇ ಸಲವೂ ಹೋಯಿತು ಅಂದುಕೊಂಡೆ ನಾನು.

‘ಅಜ್ಜೀ’ ಎಂದಳು ಇರಾ, ‘ಹಾಸಿಗಿ ಮತ್‌ಲಬ್ ಬಿಸ್ತರ್ ನಾ? ಮಮ್ಮಿ ಭೀ ಪಪ್ಪಾ ಪೇ ಐಸೇ ಹೀ ಚಿಲ್ಲಾತೀ ಹೈ!’ ಅವಳ ಮಮ್ಮಿಯೂ ಪಪ್ಪನ ಮೇಲೆ ಹೀಗೇ ಕೂಗಾಡುತ್ತಾಳಂತೆ.

ಅತ್ತೆ ಆ ಮಗುವಿನ ಮುಖ ನೋಡಿದರು. ಸೆರಗು ಸರಿಮಾಡಿಕೊಂಡರು. ಆಮೇಲೆ ಟವೆಲನ್ನು ಕ್ಯಾಮೆರಾದ ಮುಂದೆ ಎತ್ತಿ ಹಿಡಿದರು.

‘ಹೌದು ಬಂಗಾರಿ. ಅದು ಹಾಸಿಗಿ. ಇದು ಟಾವೆಲ್. ಹಸೀ ಅಂದ್ರ ನೀರಾಗ ತೊಯ್ದದ್ದು. ಈಗ ನೀ ಹೇಳು, ಟಾವೆಲ್ ಎಲ್ಲಿತ್ತು?’

‘ಟಾವೆಲ್... ಹಾಸಿಗಿ ಮ್ಯಾಲೆ ಇತ್ತು.’

‘ಶಾಣ್ಯಾಕಿ! ಯಾರು ಒಗದ್ರು?’

‘ಅಂಕಲ್ ಒಗದ್ರು!’

ಅಂಕಲ್ ಬಾಗಿಲ ಹೊರಗೆ ಬನಿಯನ್ನಿನಲ್ಲೇ ನಿಂತಿದ್ದರು. ಅಂಗಿ ಒಳಗಿತ್ತು, ಒಳಗೆ ಬರುವ ಧೈರ್ಯ ಇರಲಿಲ್ಲ. ಅತ್ತೆ ದಿಂಬು ತೋರಿಸಿದರು, ಚಾದರ ತೋರಿಸಿದರು, ನನ್ನ ಕೈಯ ಸೌಟನ್ನೂ ಕಿತ್ತುಕೊಂಡು ತೋರಿಸಿದರು. ವಾರವಿಡೀ ತಯಾರಿ ಮಾಡಿದ್ದ ಅ ಆ ಇ ಈ ಹಾಗೇ ಉಳಿಯಿತು. ಇರಾ ಪ್ರತಿಯೊಂದಕ್ಕೂ ಬಾಯಿ ತುಂಬಾ ಉತ್ತರ ಕೊಡುತ್ತಿದ್ದಳು, ತಪ್ಪಾದರೆ ತಾನೇ ನಗುತ್ತಿದ್ದಳು.

‘ಈ ಹುಡುಗಿ ಇಷ್ಟು ದಿನ ನಮ್ಮ ಹತ್ರ ಬಾಯಿಯೇ ಬಿಟ್ಟಿರಲಿಲ್ಲ ಅಮ್ಮ’ ಎಂದರು ಮೇಡಂ. ಆಮೇಲೆ ಇಂಟರ್‌ವ್ಯೂ ಅಂದಮೇಲೆ ಕೇಳಲೇಬೇಕಲ್ಲ, ಕೇಳಿದರು: ‘ಪಾಠ ಮಾಡಿದ ಅನುಭವ ಏನಾದರೂ ಉಂಟಾ?’

ಅತ್ತೆ ಒಂದು ಕ್ಷಣವೂ ತಡೆಯಲಿಲ್ಲ. ‘ಅದ ರೀ. ಇಲ್ಲಿ ನಿಂತಾಳಲ್ಲ, ನನ್ನ ಸೊಸಿ, ಮಂಗಳೂರ ಕಡೆಯಾಕಿ. ಬಂದಾಗ ಬರೇ ಎಂತ, ಎಂತ ಅಂತಿದ್ಲು. ಈಗ ನೋಡ್ರಿ, ಪೇಪರ್‌ನ್ಯಾಗ ಅಂಕಣ ಬರೀತಾಳ.’

(ಓದುಗರೇ, ಇದು ಶುದ್ಧ ಸುಳ್ಳು. ಆದರೆ ಇಂಟರ್‌ವ್ಯೂನಲ್ಲಿ ನಿಜ ಹೇಳುವವರು ಯಾರು?)

ಮೇಡಂ ಜೋರಾಗಿ ನಕ್ಕರು. ‘ಆಯ್ತು ಅಮ್ಮ, ಈ ಬ್ಯಾಚ್ ನಿಮಗೇ. ಹಾಗಾದ್ರೆ ಯಾವಾಗಿಂದ ಶುರು ಮಾಡ್ತೀರಿ?’

ಅತ್ತೆ ಕುರ್ಚಿ ಎಳೆದುಕೊಂಡು ಇರಾಳ ಎದುರು ಕೂತರು.

‘ಯಾವಾಗಿಂದ ಅಂದ್ರೇನ್ರೀ? ಆಗಲೇ ಶುರು ಆಗೇದಲ್ಲ!’