ಹುಲ್ಲಿನ ಗುಲಾಬಿ

ದೆವ್ವ, ಪವಾಡ ಅಂದರೆ ನಗುತ್ತಿದ್ದವನು ನಾನು. ಗಂಗಾವತಿಯಲ್ಲಿ ಅತ್ತರು ಮಾರುತ್ತೇನೆ. ಮೂಲವಿಲ್ಲದೆ ವಾಸನೆ ಹುಟ್ಟುವುದಿಲ್ಲ ಎಂದು ಎದೆ ತಟ್ಟಿ ವಾದಿಸುತ್ತಿದ್ದೆ. ಈಗ ವಾದಿಸುವುದಿಲ್ಲ. ನೀವು ನಂಬದಿದ್ದರೂ ಬೇಸರವಿಲ್ಲ, ನಡೆದದ್ದನ್ನು ಹೇಳಿಬಿಡುತ್ತೇನೆ.

ಜೆರಾನಿಯಾಲ್ ಎಂಬ ಸುಗಂಧ ದ್ರವ್ಯವಿದೆ. ಗುಲಾಬಿಯಲ್ಲೂ ಇರುತ್ತದೆ, ಒಂದು ಜಾತಿಯ ಹುಲ್ಲಿನ ಎಣ್ಣೆಯಲ್ಲೂ ಇರುತ್ತದೆ. ಹುಲ್ಲಿನಿಂದ ತೆಗೆದದ್ದನ್ನೇ ಗುಲಾಬಿ ಅತ್ತರು ಎಂದು ಮಾರಿದರೆ ಹೆಚ್ಚಿನವರಿಗೆ ತಿಳಿಯುವುದಿಲ್ಲ. ನಾನೂ ಮಾರುತ್ತಿದ್ದೆ. ಆದರೆ ನನ್ನ ಮೂಗಿಗೆ ಕೊನೆಯಲ್ಲಿ ಹಸಿ ಹುಲ್ಲಿನ ವಾಸನೆ ಬಡಿದೇ ಬಡಿಯುತ್ತದೆ.

ಮೂರು ವರ್ಷದ ಹಿಂದೆ, ಭತ್ತದ ನಾಟಿಯ ದಿನಗಳಲ್ಲಿ, ಹತ್ತಿರದ ಮರಳಿ ಎಂಬ ಹಳ್ಳಿಯ ಹನುಮವ್ವ ಕೆಸರುಗಾಲಲ್ಲೇ ಅಂಗಡಿಗೆ ಬಂದಳು.

"ನಮ್ಮನಿಯವ್ರು ಹಾಸಗಿ ಹಿಡದಾರ್ರಿ ಅಣ್ಣಾರ. ಊಟ ಬಿಟ್ಟಾರ. ಮದುವ್ಯಾಗ ಹಚ್ಚಿದ್ದ ಗುಲಾಬಿ ಅತ್ತರ ಒಮ್ಮಿ ಮೂಸಬೇಕಂತ. ಅಸಲಿದೇ ಕೊಡ್ರಿ."

ಅಸಲಿ ಶೀಶೆ ಒಂದೇ ಒಂದಿತ್ತು, ಅರಗಿನ ಮುದ್ರೆ ಹಾಕಿದ್ದು. ಅದನ್ನು ದೊಡ್ಡ ಮನೆಯವರ ಮದುವೆಗೆಂದು ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದೆ. ಸಾಯುವವನಿಗೆ ಯಾವುದಾದರೇನು ಅಂದುಕೊಂಡು ಹುಲ್ಲಿನದನ್ನು ಕೊಟ್ಟೆ. "ಅಸಲಿನೇ ಐತಿ ಯವ್ವಾ, ದೇವರಾಣಿ" ಎಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ!

ವಾರದ ನಂತರ, ಮಟಮಟ ಮಧ್ಯಾಹ್ನ, ಅವಳು ಅದೇ ಶೀಶೆ ಹಿಡಿದು ಬಂದಳು. ಹಣೆಯಲ್ಲಿ ಕುಂಕುಮವಿರಲಿಲ್ಲ.

"ಹತ್ತಿಗೆ ಹಚ್ಚಿ ಮೂಗಿಗೆ ಹಿಡದ ಕೂಡ್ಲೇ 'ಇದ ನೋಡು, ಇದ' ಅಂತ ನಕ್ರು. ನಕ್ಕೋತನ ಹ್ವಾದ್ರು. ನಿಮ್ಮ ಹೊಟ್ಟಿ ತಣ್ಣಗಿರ್ಲಿ ಅಣ್ಣಾರ. ಉಳದದ್ದು ನನಗ್ಯಾಕ್ರಿ."

ಶೀಶೆ ಇಟ್ಟು ಹೋದಳು. ಬಿರಡೆ ತೆಗೆದೆ. ಅಪ್ಪಟ ಗುಲಾಬಿ! ಹುಲ್ಲಿನ ಸುಳಿವೂ ಇಲ್ಲ. ಗಾಬರಿಯಿಂದ ಪೆಟ್ಟಿಗೆ ತೆರೆದೆ. ಅಸಲಿ ಶೀಶೆಯ ಮುದ್ರೆ ಹಾಗೆಯೇ ಇತ್ತು. ಒಡೆದು ಮೂಸಿದರೆ ಹಸಿ ಹುಲ್ಲು.

ಮುದ್ರೆ ಒಡೆಯದೆ ಒಳಗಿನದು ಬದಲಾಗುವುದು ಹೇಗೆ? ನನ್ನ ಮೂಗೇ ಕೆಟ್ಟಿತೇ? ಎಷ್ಟು ತಲೆ ಕೆರೆದುಕೊಂಡರೂ ಬಗೆಹರಿದಿಲ್ಲ. ಅಂದಿನಿಂದ ಹುಲ್ಲಿನ ಅತ್ತರು ಮಾರುವುದನ್ನು ಬಿಟ್ಟಿದ್ದೇನೆ. ಅಷ್ಟಕ್ಕೇ ಪಾಪ ಕಳೆಯುತ್ತದೆಯೇ?

ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಹನುಮವ್ವ ಸಿಕ್ಕಳು. "ಆರಾಮದೀರಿ ಅಣ್ಣಾರ?" ಎಂದು ಅವಳೇ ಮಾತಾಡಿಸಿದಳು. ನನಗೆ ತಡೆಯಲಾಗಲಿಲ್ಲ. "ಅವತ್ತು ನಾ ಕೊಟ್ಟಿದ್ದು ಸುಳ್ಳು ಅತ್ತರ ಯವ್ವಾ. ತಪ್ಪಾತು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು.

"ಹಂಗಾರ ಅವ್ರು ನಕ್ಕಿದ್ದೂ ಸುಳ್ಳೇನ್ರಿ?"

ಅವಳಿಗೆ ಉಳಿದಿದ್ದ ಒಂದೇ ನೆಮ್ಮದಿಯನ್ನೂ ನಾನೇ ಕಿತ್ತುಕೊಂಡೆನಲ್ಲ! ಶೀಶೆಯ ಸಂಗತಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮರಳಿಯ ಬಸ್ಸು ಬಂತು. ಅವಳು ತಿರುಗಿ ನೋಡದೆ ಹತ್ತಿ ಹೋದಳು.