ಕೆಂಗೇರಿಗೆ, ಒಂದು ‘ಹ್ಞೂಂ’ ಹುಡುಕಿಕೊಂಡು

ಭಾನುವಾರ ಬೆಳಗ್ಗೆ ಎಂಟೂವರೆಗೆ ಬಸವೇಶ್ವರನಗರದ ಮನೆಯಿಂದ ಹೊರಟೆ. ಫೋನನ್ನು ಬೇಕೆಂದೇ ಅಕ್ಕಿ ಡಬ್ಬದ ಹಿಂದೆ ಇಟ್ಟು ಬಂದೆ. ವಿಜಯನಗರದ ಬಸ್ ನಿಲ್ದಾಣದವರೆಗೆ ನಡಿಗೆ. ಮೋಡವಿತ್ತು, ಸೆಕೆಯಿರಲಿಲ್ಲ. ಹೋಗಬೇಕಿದ್ದದ್ದು ಕೆಂಗೇರಿ ಉಪನಗರದ ಅಕ್ಕನ ಮನೆಗೆ, ಹೆಚ್ಚೆಂದರೆ ಹನ್ನೆರಡು ಕಿಲೋಮೀಟರ್. ಇಷ್ಟು ಸಣ್ಣ ಪಯಣವನ್ನು ಬರೆದಿಡಲು ಕಾರಣವಿದೆ.

ಮೂರು ವಾರದಿಂದ ಅಕ್ಕ ನನ್ನೊಡನೆ ಮಾತು ಬಿಟ್ಟಿದ್ದಳು. ನಾನು ಕರೆ ಮಾಡಿದರೆ ಭಾವ ಎತ್ತುತ್ತಿದ್ದರು. ಕೊನೆಗೆ ಅವರೇ ಹೇಳಿದರು: “ನೀನು ಜೊತೇಲಿ ಬರ್ತೀನಿ ಅಂದಿದ್ಯಂತೆ, ಬರ್ಲಿಲ್ವಂತೆ. ಎಲ್ಲಿಗೆ ಅಂತ ಅವಳನ್ನೇ ಕೇಳಮ್ಮ, ನನ್ನನ್ನ ಮಧ್ಯ ಎಳೀಬೇಡಿ.”

ಎಲ್ಲಿಗೆ? ನನಗೂ ಗೊತ್ತಿರಲಿಲ್ಲ. ಹೋದ ತಿಂಗಳು ಅಕ್ಕ ಬಂದಿದ್ದ ಸಂಜೆ ಸೋಫಾದ ಮೇಲೆ ಪಕ್ಕ ಪಕ್ಕ ಕೂತಿದ್ದೆವು. ನನ್ನ ಕೈಯಲ್ಲಿ ಫೋನಿತ್ತು. ಆ ಸಂಜೆಯ ರೀಲ್‌ಗಳು ಇವತ್ತಿಗೂ ನೆನಪಿವೆ: ಹಲಸಿನಹಣ್ಣು ತುಳಿದು ಬಿಡಿಸುವ ಆನೆ, ಯಾರದೋ ಫಳಫಳ ಹೊಳೆಯುವ ಅಡುಗೆಮನೆ. ಅಕ್ಕ ಹೇಳಿದ್ದು ನೆನಪಿಲ್ಲ. ಅವಳ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದುದು ಮಾತ್ರ ಕಣ್ಣಂಚಿನಲ್ಲಿ ಉಳಿದಿದೆ. ಅದೂ ಈಗ ನಾನೇ ಸೇರಿಸಿಕೊಂಡದ್ದೋ ಏನೋ. ದಿನಚರಿ ತೆಗೆದು ನೋಡಿದೆ. ‘ಅಕ್ಕ ಬಂದಿದ್ದಳು. ಏನೂ ವಿಶೇಷವಿಲ್ಲ. ಯಾಕೋ ಮನಸ್ಸು ಕಿರಿಕಿರಿ’ ಎಂದಿತ್ತು. ಹಿಂದಿನ ಪುಟಗಳನ್ನೂ ತಿರುವಿದೆ. ಆ ‘ಯಾಕೋ’ ವಾರಕ್ಕೆ ಮೂರು ನಾಲ್ಕು ಸಲ ಇತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರ್ ಬಾಗಲಕೋಟೆ ಕಡೆಯ ಹೆಂಗಸು. ಉಚಿತ ಟಿಕೆಟ್‌ಗೆ ಆಧಾರ್ ಕೇಳಿದಾಗಲೇ ನನ್ನ ತಪ್ಪು ಹೊಳೆದದ್ದು.

“ಆಧಾರ್ ಫೋನಲ್ಲಿದೆ.”

“ತೋರಸ್ರಿ ಮತ್ತ.”

“ಫೋನ್ ಮನೇಲಿದೆ.”

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಫೋನ್ ಬಿಟ್ಟ್ ಬಂದೀರಿ? ಮನ್ಯಾಗ ಜಗಳಾ ಮಾಡ್ಕೊಂಡ್ ಬಂದೀರೇನ್ರಿ?”

“ಇಲ್ಲ, ಜಗಳ ಬಗೆಹರಿಸೋಕೆ ಹೋಗ್ತಾ ಇದೀನಿ.”

“ಹಂಗಾರ ಇಪ್ಪತ್ನಾಕ್ ರೂಪಾಯಿ ಕೊಡ್ರಿ. ಅಗ್ಗಾತು!” ಎಂದು ನಕ್ಕು ಟಿಕೆಟ್ ಹರಿದರು.

ಮೂಡಲಪಾಳ್ಯ ಬರುವಷ್ಟರಲ್ಲಿ ನನ್ನ ಕೈ ಆರು ಸಲ ಚೀಲಕ್ಕೆ ಹೋಗಿ ಬಂತು. ಬೇಜಾರಾದಾಗ ಫೋನ್ ಹಿಡಿಯುತ್ತೇನೆ ಎಂದುಕೊಂಡಿದ್ದೆ. ಹಾಗಲ್ಲ. ಬಸ್ಸು ನಿಂತರೆ ಸಾಕು, ಬೇಜಾರಿಗೂ ಮೊದಲೇ ಕೈ ಹೊರಟುಬಿಡುತ್ತದೆ. ನಾಗರಭಾವಿಯಲ್ಲಿ ಸುಮ್ಮನೆ ತಳಮಳ, ಕಿತ್ತ ಹಲ್ಲಿನ ಜಾಗಕ್ಕೆ ನಾಲಿಗೆ ಮತ್ತೆ ಮತ್ತೆ ಹೋಗುವಂತೆ. ಫೋನಿಲ್ಲದ್ದಕ್ಕೆ ಹಾಯೆನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಮಲ್ಲತ್ತಹಳ್ಳಿ ದಾಟಿದ ಮೇಲೆ ಒಂದು ವಿಷಯ ಗಮನಕ್ಕೆ ಬಂತು: ಬೆಳಗ್ಗೆಯಿಂದ ಯಾರ ಅಡುಗೆಮನೆ ಕಂಡೂ ಹೊಟ್ಟೆ ಉರಿದಿರಲಿಲ್ಲ.

ಬಾಗಿಲು ತೆಗೆದ ಅಕ್ಕ ಒಳಗೆ ಕರೆಯಲಿಲ್ಲ, ಆದರೆ ದಾರಿ ಬಿಟ್ಟಳು. “ಓಹೋ, ಮೇಡಂ! ಫೋನೆಲ್ಲಿ, ಚಾರ್ಜ್ ಮುಗೀತಾ?”

“ಬಿಟ್ಟು ಬಂದೆ ಕಣಕ್ಕ.”

“ಹುಷಾರಾಗಿದ್ಯಾ ತಾನೆ?”

ಉಪ್ಪಿಟ್ಟಿನ ತಟ್ಟೆ ಮುಂದೆ ಬಂತು. ತುತ್ತು ಎತ್ತುವ ಮೊದಲೇ ಕೇಳಿಬಿಟ್ಟೆ: “ಅವತ್ತು ನಾನು ಯಾವುದಕ್ಕೆ ಹ್ಞೂಂ ಅಂದೆ? ನಿಜವಾಗ್ಲೂ ಗೊತ್ತಿಲ್ಲ.”

ಅಕ್ಕ ಸ್ವಲ್ಪ ಹೊತ್ತು ಗ್ಯಾಸ್ ಕಟ್ಟೆ ಒರೆಸಿದಳು. “ಸಂಗೀತದ ಜೂನಿಯರ್ ಪರೀಕ್ಷೆಗೆ ಕಣೇ.”

ಐವತ್ತನಾಲ್ಕು ವರ್ಷದ ಅಕ್ಕ ಎರಡು ವರ್ಷದಿಂದ ಎದುರು ಮನೆಯ ಟೀಚರ್ ಹತ್ತಿರ ಹಾಡು ಕಲಿಯುತ್ತಿದ್ದದ್ದು ನನಗೆ ಗೊತ್ತಿತ್ತು. ಪರೀಕ್ಷೆ ಕಟ್ಟಿದ್ದು ಗೊತ್ತಿರಲಿಲ್ಲ. ಅಂದರೆ, ಹೇಳಿದ್ದಳು.

“ಎಲ್ಲಾ ಹತ್ತು ಹನ್ನೆರಡು ವರ್ಷದ ಮಕ್ಳು. ನಾಚಿಕೆ ಆಗತ್ತೆ, ಜೊತೇಲಿರು ಅಂದೆ. ಹ್ಞೂಂ ಅಂದೆ ನೀನು. ಎರಡು ಸಲ. ಇಲ್ಲೇ ಉಪನಗರದ ಸ್ಕೂಲ್ ಗೇಟ್ ಹತ್ರ ಕಾದೆ ಕಾದೆ, ಒಬ್ಬಳೇ ಒಳಗೆ ಹೋದ್ರೆ, ‘ಪೇರೆಂಟ್ಸ್ ಎಲ್ಲಾ ಹೊರಗಡೆ ಇರಿ ಆಂಟಿ’ ಅಂದ್ರು.”

ನಗು ಬಂತು. ಅವಳಿಗೂ ಬಂತು, ಆದರೆ ನಿಲ್ಲಿಸಿಕೊಂಡಳು. “ಬರೆಯೋದು ಹೆಂಗೋ ಆಯ್ತು. ಮುಂದಿನ ಭಾನುವಾರ ಹಾಡ್ಬೇಕು. ನಾನು ಹೋಗಲ್ಲ.”

“ನಾನು ಬರ್ತೀನಿ.”

“ಅದನ್ನ ಕೇಳಿದೀನಿ.”

ಬಸ್ ಟಿಕೆಟ್ ತೆಗೆದು, ಹಿಂಬದಿಯಲ್ಲಿ ಜಾಗ, ಸಮಯ ಬರೆದುಕೊಡು ಎಂದೆ. ಪೆನ್ನು ಹುಡುಕಲು ಅವಳು ಬೇಕೆಂದೇ ತಡಮಾಡಿದಳು. ‘ಎಂಟು ಗಂಟೆ, ಸ್ಕೂಲ್ ಗೇಟ್ ಹತ್ರ’ ಎಂದು ಬರೆದಳು. “ಬರೆದ್ ಮಾತ್ರಕ್ಕೆ ಹೋಗ್ತೀನಿ ಅಂತಲ್ಲ.”

ಮಧ್ಯಾಹ್ನ ಬಸ್ ನಿಲ್ದಾಣದವರೆಗೆ ಬಂದಳು. ಬಸ್ಸು ಹೊರಟಾಗ ತಿರುಗಿ ನೋಡಿದೆ. ಅಕ್ಕ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು, ಬಲಗೈ ತೊಡೆಯ ಮೇಲೆ ಆಡುತ್ತಿತ್ತು. ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ತಟ್ಟು, ಮಗುಚು. ತಟ್ಟು, ಮಗುಚು. ಅವತ್ತು ಸೋಫಾದ ಮೇಲೆ ಕಂಡದ್ದು ಇದೇ. ನಾನು ಸೇರಿಸಿಕೊಂಡದ್ದಲ್ಲ. ಬಸ್ಸು ತಿರುವು ತೆಗೆದುಕೊಳ್ಳುವವರೆಗೂ ಅವಳ ತಾಳ ನಿಲ್ಲಲಿಲ್ಲ. ಎರಡು ಆವರ್ತ ಪೂರ್ತಿ, ಮೂರನೆಯದರಲ್ಲಿ ಉಂಗುರ ಬೆರಳಿನವರೆಗೆ ಎಣಿಸಿದೆ.