ಹಾಡಾದ ಅವ್ವನ ಚಹಾ

ಮರಾಠಿ ಸೀಮೆಯ ಕಾತ್ರಜದಲ್ಲಿರುವ ನಮ್ಮ ಮನೆಯಿಂದ ಯಾವ ನೆಂಟನೂ ಮೊದಲ ಸಲ ಎದ್ದಾಗಲೇ ಹೊರಟುಹೋದ ಉದಾಹರಣೆ ಇರಲಿಲ್ಲ. ಧಾರವಾಡದ ಬಸ್ಸಿಗೆಂದು ಚೀಲ ಹೆಗಲಿಗೇರಿಸಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿದವರಿಗೂ ಅವ್ವ ಅಡುಗೆಮನೆಯಿಂದ ಕೂಗುತ್ತಿದ್ದಳು: "ಕೂಡ್ರಿ ಕೂಡ್ರಿ, ಚಾ ಕುಡದು ಹೋಗೀರಂತ!" ಕೂಡದಿದ್ದರೆ ಮರ್ಯಾದೆಯಲ್ಲ, ಕೂತರೆ ಬಸ್ಸು ಸಿಗುವುದಿಲ್ಲ. ನಮ್ಮ ಸೋದರಮಾವ ಒಮ್ಮೆ ಹಾಗೆ ಕೂತು, ಬಸ್ಸು ತಪ್ಪಿಸಿಕೊಂಡು ಮರಳಿ ಬಂದವನು, ಮರುದಿನ ಹೊರಡುವಾಗ ಮತ್ತೆ ಅದೇ ಚಹಾಕ್ಕೆ ಕೂತ.

ಅಪ್ಪ ಗಡಿಯಾರ ನೋಡುತ್ತ ಹಲ್ಲು ಕಡಿಯುತ್ತಿದ್ದ. "ಬಿಡ ಅವರನ್ನ, ಬಸ್ ಹೋಗತದ."

"ಬಸ್ ನಾಳೆನೂ ಬರತದ," ಎಂದು ಅವ್ವ ಕುದಿಯುವ ನೀರಿಗೆ ಸಕ್ಕರೆ ಸುರಿಯುತ್ತಿದ್ದಳು.

ಹೋದ ವರ್ಷ ಅಪ್ಪ ತೀರಿಕೊಂಡ. ಮಾತಾಡಿಸಲು ಬಂದವರೆಲ್ಲ ನಮ್ಮ ಕಡೆಯ ರೂಢಿಯಂತೆ "ಹೋಗಿ ಬರ್ತೀವಿ" ಅನ್ನದೆ ಸುಮ್ಮನೆ ಎದ್ದು ಹೋದರು. ಸಾವಿನ ಮನೆಯಲ್ಲಿ ಹಾಗೆ ಅನ್ನಬಾರದು, ಮನೆಯವರೂ ಅವರನ್ನು ತಡೆಯಬಾರದು. ಆದರೆ ಸೂತಕ ಕಳೆದ ಮೇಲೂ ಅವ್ವನ ಬಾಯಿಂದ "ಕೂಡ್ರಿ ಕೂಡ್ರಿ" ಎಂಬ ಮಾತು ಬರಲಿಲ್ಲ. ಯಾರಾದರೂ ಎದ್ದರೆ ತಲೆಯಾಡಿಸುತ್ತಿದ್ದಳು, ಅಷ್ಟೆ. ನೆಂಟರಿಗೆಲ್ಲ ಸರಿಯಾದ ಹೊತ್ತಿಗೆ ಬಸ್ಸು ಸಿಗತೊಡಗಿತು.

ನನ್ನ ಮಗಳದೊಂದು ರಾಕ್ ಬ್ಯಾಂಡ್ ಇದೆ. ಗಿಟಾರು, ಹಾಡು ಅವಳದು. ಡ್ರಮ್ ಬಾರಿಸುವ ಹುಡುಗ, ಬೇಸ್ ನುಡಿಸುವ ಹುಡುಗಿ ಇಬ್ಬರೂ ಮರಾಠಿಯವರು. ಅವರ ಸಂಗೀತ ನನಗೆ ಮಿಕ್ಸರಿನಲ್ಲಿ ಚಮಚ ಬಿದ್ದಂತೆ ಕೇಳುತ್ತದೆ, ಮಗಳಿಗೂ ಹಾಗೇ ಹೇಳಿದ್ದೇನೆ. ಆದರೆ ಅವರ ಹೊಸ ಹಾಡೊಂದು ನನ್ನನ್ನೇ ಹಿಡಿದುಬಿಟ್ಟಿತು. ಆಫೀಸಿಗೆ ಹೋಗುವಾಗ ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಸ್ಕೂಟರಿನ ಹ್ಯಾಂಡಲ್ ಮೇಲೆ ತಾಳ ಹಾಕುತ್ತ ನಿಂತಿದ್ದೆ, ಹಿಂದಿನವನು ಹಾರ್ನ್ ಹೊಡೆದು ಎಬ್ಬಿಸಬೇಕಾಯಿತು. ಪಲ್ಲವಿ ಪೂರ್ತಿ ಅವ್ವನ ಮಾತು. ಮೂವರೂ ಸೇರಿ ಗಂಟಲು ಹರಿಯುವಂತೆ "ಕೂಡ್ರಿ ಕೂಡ್ರಿ" ಎನ್ನುತ್ತಾರೆ.

"ಇದ ಯಾಕ ಬೇಕಿತ್ತು?" ಎಂದೆ ಮಗಳಿಗೆ.

"ಅಜ್ಜಿ ಅನ್ನೂದು ಬಿಟ್ಟಾಳಲ್ಲ ಪಪ್ಪಾ. ಮನಿ ಭಾಳ ಸುಮ್ನ ಅನಸ್ತದ. ಅದಕ್ಕ ನಾ ಅಂದೆ."

"ಅಜ್ಜಿಗೆ ಮಾತ್ರ ಕೇಳಿಸಬ್ಯಾಡ."

ತನ್ನ ದುಃಖವನ್ನೇ ತಮಾಷೆ ಮಾಡಿದರು ಎಂದುಕೊಂಡರೆ ಅವ್ವ ಇನ್ನಷ್ಟು ಮುದುಡಿಕೊಳ್ಳುತ್ತಾಳೆ ಎಂದು ನನಗೆ ನಿಜವಾಗಿ ಹೆದರಿಕೆಯಿತ್ತು. ಮಗಳು ನನ್ನ ಮಾತು ಯಾವಾಗ ಕೇಳಿದ್ದಾಳೆ? ಭಾನುವಾರ ಬ್ಯಾಂಡನ್ನೇ ಮನೆಗೆ ಕರೆತಂದಳು.

ಅವ್ವ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ಡ್ರಮ್ಮಿನ ಹುಡುಗ ಖಾಲಿ ಅಕ್ಕಿ ಡಬ್ಬಿಯನ್ನೇ ಬೋರಲು ಹಾಕಿಕೊಂಡು ಬಾರಿಸತೊಡಗಿದ. ಪಲ್ಲವಿ ಬಂದಾಗ ಅವ್ವನ ಕೈ ನಿಂತಿತು. ಹಾಡು ಮುಗಿಯುವ ತನಕ ಅವಳು ತಲೆ ಎತ್ತಲಿಲ್ಲ.

"ಇಷ್ಟ್ಯಾಕ ಒದರತೀರಿ?" ಎಂದಳು ಕೊನೆಗೆ. "ನಾ ಹಿಂಗ ಒದರತಿದ್ನೇನು?"

"ಇದಕ್ಕಿಂತ ಜೋರಾಗಿ," ಎಂದು ನನ್ನ ಬಾಯಿ ತಪ್ಪಿ ಬಂತು.

ಅವ್ವ ಸೊಪ್ಪಿನ ಪುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮುಗಿಯಿತು ಕಥೆ ಎಂದುಕೊಂಡು ನಾನು ಹುಡುಗರಿಗೆ ಹೊರಡಲು ಕಣ್ಸನ್ನೆ ಮಾಡಿದೆ. ಮಗಳ ಮುಖ ಸಣ್ಣದಾಯಿತು. ಗಿಟಾರುಗಳು ಚೀಲ ಸೇರಿದವು, ಡ್ರಮ್ಮಿನ ಹುಡುಗ ಬಾಗಿಲಲ್ಲಿ ಬಗ್ಗಿ ಬೂಟು ಹಾಕಿಕೊಳ್ಳತೊಡಗಿದ.

ಒಳಗೆ ಪಾತ್ರೆಯ ಸದ್ದಾಯಿತು.

"ಎಲ್ಲಿ ಹೊಂಟ್ರಿ? ಕೂಡ್ರಿ ಕೂಡ್ರಿ, ಚಾ ಕುಡದು ಹೋಗೀರಂತ!"

ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡಲು ಹೋಗಲಿಲ್ಲ. ಆ ಹುಡುಗನಿಗೆ ಕನ್ನಡ ಬಾರದು, ಆದರೆ ಈ ಒಂದು ಮಾತು ಚೆನ್ನಾಗಿ ಗೊತ್ತಿತ್ತು. ಒಂದೇ ಕಾಲಿಗೆ ಬೂಟು ಹಾಕಿಕೊಂಡವನು ಹಾಗೆಯೇ ಕೂತುಬಿಟ್ಟ.